ಏಳು ವರ್ಷದ ಫೋನಿಗೆ ಮೂರು ವರ್ಷದ ಬ್ಯಾಟರಿ

ಈಗಷ್ಟೇ ಸರ್ವಿಸ್ ಸೆಂಟರಿನಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರಹ ಉದ್ದ ಆಗಬಹುದು. ನನ್ನ ಫೋನಿಗೆ ಎರಡು ವರ್ಷ ದಾಟಿದೆ ಅಷ್ಟೆ. ಪರದೆ ಮೇಲೆ ಒಂದು ಗೀರಿಲ್ಲ. ಕ್ಯಾಮೆರಾ ಮೊದಲ ದಿನದ ಹಾಗೇ ಇದೆ. ಮೊನ್ನೆ ಮೊನ್ನೆ ಹೊಸ ಅಪ್‌ಡೇಟ್ ಕೂಡ ಬಂತು. ಬ್ಯಾಟರಿ ಮಾತ್ರ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಬದಲಿಸಿ ಕೊಡಿ ಅಂತ ಹೋದರೆ ಕೌಂಟರಿನ ಹುಡುಗ ಒಂದು ಕಾಗದ ಮುಂದಿಟ್ಟ. ಬಿಚ್ಚುವಾಗ ಪರದೆಯೋ ಹಿಂದಿನ ಗಾಜೋ ಒಡೆದರೆ ನಾವು ಹೊಣೆಯಲ್ಲ, ಡೇಟಾ ಹೋದರೂ ನಾವು ಹೊಣೆಯಲ್ಲ, ನೀರು ತಡೆಯುವ ಗುಣ ಮೊದಲಿನಂತೆ ಉಳಿಯುತ್ತದೆ ಅಂತ ಹೇಳಲಾಗದು, ಇಲ್ಲಿ ಸಹಿ ಹಾಕಿ. ನಾನಿನ್ನೂ ಓದುತ್ತಿದ್ದೆ, ಅಷ್ಟರಲ್ಲೇ "ಮೇಡಂ, ಇದರ ಬದಲು ಎಕ್ಸ್‌ಚೇಂಜ್‌ಗೆ ಹಾಕಿ ಹೊಸದನ್ನೇ ತಗೊಳ್ಳಿ" ಅಂದ. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಹೇಳಿಕೊಟ್ಟಿದ್ದನ್ನು ಅವನು ಹೇಳಿದ. ಕೋಪ ಇರುವುದು ಆ ಕಾಗದ ಬೇಕಾಗುವ ಹಾಗೆ ಫೋನ್ ಕಟ್ಟಿದವರ ಮೇಲೆ.

ಯಾವ ಕಂಪನಿ ಅಂತ ಕೇಳಬೇಡಿ. ದುಬಾರಿ ಫೋನ್ ಮಾಡುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಮಾಡುತ್ತಾರೆ.

ನಿಮಗೆಲ್ಲ ಗೊತ್ತು, ನಾನು ವರ್ಷಕ್ಕೊಂದು ಫೋನ್ ಬದಲಿಸುವವಳಲ್ಲ. ಯೋಚಿಸಿ, ಓದಿ, ದುಡ್ಡು ಕೂಡಿಸಿ ಕೊಂಡ ಫೋನ್ ಇದು. ಮತ್ತು ಇದು ನಿಜವಾಗಿ ಒಳ್ಳೆಯ ಫೋನ್. ಆ ದೂರದ ಲೆನ್ಸ್ ಒಂದಕ್ಕೇ ದುಡ್ಡು ಕೊಡಬಹುದು. ಪೆರಿಸ್ಕೋಪ್ ಅನ್ನುತ್ತಾರಲ್ಲ, ಒಳಗೆ ಪುಟ್ಟ ಪ್ರಿಸಂ ಬೆಳಕನ್ನು ಅಡ್ಡಕ್ಕೆ ತಿರುಗಿಸುತ್ತದೆ, ಲೆನ್ಸುಗಳು ಫೋನಿನ ಅಗಲಕ್ಕೆ ಮಲಗಿರುತ್ತವೆ. ಹಾಗಾಗಿ ಇಷ್ಟು ತೆಳ್ಳಗಿನ ಫೋನಿನಲ್ಲಿ ಐದು ಪಟ್ಟು ಹತ್ತಿರದ ಚಿತ್ರ ಬರುತ್ತದೆ. 2019ರಲ್ಲಿ ಹುವಾವೇ ಪಿ30 ಪ್ರೋದಲ್ಲಿ ಇದು ಬಂದಾಗ ನಾನು ನಂಬಿರಲಿಲ್ಲ. ಈಗ ಸಭಾಂಗಣದ ಕೊನೆ ಸಾಲಿನಲ್ಲಿ ಕೂತು, ವೇದಿಕೆ ಮೇಲೆ ಕುಣಿಯುತ್ತಿರುವ ಮಗಳ ಹಣೆಯ ಬೆವರನ್ನೂ ಹಿಡಿಯುತ್ತೇನೆ. ಪರದೆಯೂ ಹಾಗೆ. ಸುಮ್ನೆ ಓದುತ್ತಿದ್ದರೆ ಸೆಕೆಂಡಿಗೆ ಒಂದೇ ಸಲ ಬದಲಾಗುತ್ತದೆ, ಬೆರಳು ಆಡಿಸಿದ ಕೂಡಲೇ 120ಕ್ಕೆ ಏರುತ್ತದೆ. ಕಣ್ಣಿಗೂ ಹಿತ, ಕರೆಂಟೂ ಉಳಿತಾಯ. ಬಿಸಿಲಲ್ಲಿ ನಿಂತು ಮೆಸೇಜ್ ಓದಬಹುದು. ಇದನ್ನೆಲ್ಲ ಮಾಡಿದ ಎಂಜಿನಿಯರುಗಳ ಬಗ್ಗೆ ನನಗೆ ತುಂಬ ಗೌರವ ಇದೆ.

ಸಣ್ಣ ಪುಟ್ಟ ಕೊರತೆಗಳೂ ಇವೆ. 200 ಮೆಗಾಪಿಕ್ಸೆಲ್ ಅನ್ನುವ ಫೋನುಗಳು ಹದಿನಾರು ಚುಕ್ಕಿಗಳನ್ನು ಒಂದು ಮಾಡಿ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಮಬ್ಬು ಬೆಳಕಿಗೆ ಅದು ಒಳ್ಳೆಯದೇ, ಆದರೆ ದೊಡ್ಡ ಅಕ್ಷರದಲ್ಲಿ ಜಾಹೀರಾತು ಮಾಡುವುದು 200 ಅಂತಲೇ. ಭಾರ ಕಾಲು ಕಿಲೋ ಹತ್ತಿರ, ಮಲಗಿ ಓದಿದರೆ ಮಣಿಕಟ್ಟು ನೋಯುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲ. ಇವೆಲ್ಲವನ್ನೂ ಸಹಿಸಬಹುದು. ಬ್ಯಾಟರಿ ವಿಷಯ ಸಹಿಸಲಾಗದು.

ಯಾಕೆ ಅಂದರೆ, ಲಿಥಿಯಂ ಅಯಾನ್ ಬ್ಯಾಟರಿ ಸವೆದೇ ಸವೆಯುತ್ತದೆ. ಅದು ಯಾರ ತಪ್ಪೂ ಅಲ್ಲ, ಅದರ ಗುಣವೇ ಹಾಗೆ. ಚಾರ್ಜ್ ಆಗುತ್ತ ಇಳಿಯುತ್ತ ಒಳಗಿನ ಲಿಥಿಯಂನಲ್ಲಿ ಒಂದಿಷ್ಟು, ಬ್ಯಾಟರಿಯ ಒಂದು ಬದಿಯಲ್ಲಿರುವ ಗ್ರಾಫೈಟಿನ ಮೇಲೆ ಪದರವಾಗಿ ಕೂತುಬಿಡುತ್ತದೆ, ಮತ್ತೆ ಕೆಲಸಕ್ಕೆ ಬರೋದಿಲ್ಲ. ಬಿಸಿ ಜಾಸ್ತಿ ಆದಷ್ಟೂ, ಪೂರ್ತಿ ತುಂಬಿ ಇಟ್ಟಷ್ಟೂ ಸವೆತ ಜೋರು. ಇದನ್ನು ಸೈಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಸೇರಿ ಒಂದು ಸೈಕಲ್. ಆಪಲ್ ಮೊದಲೆಲ್ಲ 500 ಸೈಕಲ್ ಆದಮೇಲೆ ಶೇ 80 ಉಳಿಯುತ್ತದೆ ಅನ್ನುತ್ತಿತ್ತು, ಐಫೋನ್ 15ರಿಂದ ಅದನ್ನು 1000 ಅಂತ ಮಾಡಿತು. ದಿನಕ್ಕೊಂದು ಸೈಕಲ್ ಅಂದರೆ 1000ಕ್ಕೆ ಸುಮಾರು ಎರಡೂಮುಕ್ಕಾಲು ವರ್ಷ.

ಈಗ ಇದರ ಪಕ್ಕಕ್ಕೆ ಇನ್ನೊಂದು ಸಂಖ್ಯೆ ಇಡಿ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ, ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಹೇಳಿದವು. ಬಹಳ ಒಳ್ಳೆಯ ಮಾತು. ನಾನು ದುಬಾರಿ ಫೋನ್ ಕೊಳ್ಳಲು ಧೈರ್ಯ ಮಾಡಿದ್ದೇ ಇಂಥ ಮಾತು ನಂಬಿ. ಆದರೆ ಏಳು ವರ್ಷಕ್ಕೆ ಕಡಿಮೆ ಅಂದರೂ ಎರಡು ಬ್ಯಾಟರಿ ಬೇಕು ಅಂತ ಫೋನ್ ಮಾಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನು ಅಂಟು ಹಾಕಿ ಒಳಗೆ ಕೂರಿಸಿ, ಮೇಲೆ ಗಾಜು ಅಂಟಿಸಿ ಕಳಿಸುತ್ತಾರೆ. ಗೋಡೆ ಗಡಿಯಾರದ ಸೆಲ್ ಮುಗಿದರೆ ಗಡಿಯಾರವನ್ನೇ ಎಸೆಯುತ್ತೇವಾ?

ಸವೆದ ಬ್ಯಾಟರಿ ಬರೀ ಬೇಗ ಖಾಲಿ ಆಗುವುದಿಲ್ಲ. ಚಿಪ್ಪಿಗೆ ಒಮ್ಮೆಲೇ ಜಾಸ್ತಿ ಶಕ್ತಿ ಬೇಕಾದಾಗ ಅದಕ್ಕೆ ಕೊಡಲಾಗುವುದಿಲ್ಲ, ಫೋನ್ ತಟ್ಟನೆ ಆಫ್ ಆಗಬಹುದು. ಅದನ್ನು ತಪ್ಪಿಸಲು ಹಳೆಯ ಐಫೋನುಗಳ ವೇಗವನ್ನು ತಗ್ಗಿಸಿದ್ದೇವೆ ಅಂತ 2017ರ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡಿತು. ಎಷ್ಟೋ ಜನ ಫೋನ್ ಹಳೆಯದಾಯಿತು ಅಂದುಕೊಂಡಿದ್ದರು. ಹಳೆಯದಾಗಿದ್ದು ಬ್ಯಾಟರಿ.

ಇದನ್ನು ಹೇಳಿದರೆ ಕೂಡಲೇ ಒಬ್ಬರು ಬರುತ್ತಾರೆ: ಹಾಗೆ ಅಂಟಿಸದಿದ್ದರೆ ನೀರು ಒಳಗೆ ಹೋಗುತ್ತದೆ ಅಲ್ವಾ? ಇಲ್ಲ. 2014ರ ಗ್ಯಾಲಕ್ಸಿ ಎಸ್5 ನೆನಪಿದೆಯಾ? ಹಿಂದಿನ ಮುಚ್ಚಳವನ್ನು ಉಗುರಲ್ಲಿ ಎತ್ತಿದರೆ ಬರುತ್ತಿತ್ತು, ಬ್ಯಾಟರಿ ಕೈಯಲ್ಲೇ ತೆಗೆಯಬಹುದಿತ್ತು, ಆದರೂ ಅದಕ್ಕೆ ಐಪಿ67 ಇತ್ತು. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಮರುವರ್ಷ ಬಂದ ಎಸ್6ರಲ್ಲಿ ಬ್ಯಾಟರಿಯನ್ನು ಒಳಗೆ ಮುಚ್ಚಿದರು, ಜೊತೆಗೆ ನೀರು ತಡೆಯುವ ಗುಣವನ್ನೂ ತೆಗೆದರು! ಹಾಗಾದರೆ ಮುಚ್ಚಿದ್ದು ನೀರಿಗಾಗಿ ಅಲ್ಲ ತಾನೇ? ಒಪ್ಪುತ್ತೇನೆ, ಎಸ್5 ಪ್ಲಾಸ್ಟಿಕ್ಕಿನದು, ಚಾರ್ಜಿಂಗ್ ತೂತಿಗೆ ಒಂದು ಮುಚ್ಚಳ ಬೇರೆ, ನೋಡಲು ಇವತ್ತಿನ ಫೋನಿನಷ್ಟು ಚಂದ ಇರಲಿಲ್ಲ. ಆದರೆ 2022ರಲ್ಲಿ ಅದೇ ಕಂಪನಿಯ ಎಕ್ಸ್‌ಕವರ್6 ಪ್ರೋ ಬಂತು. ಬ್ಯಾಟರಿ ತೆಗೆಯಬಹುದು, ಐಪಿ67ಕ್ಕಿಂತ ಒಂದು ಹೆಜ್ಜೆ ಮೇಲಿನ ಐಪಿ68 ಇದೆ. ಒರಟು ಕೆಲಸ ಮಾಡುವವರಿಗೆ ಅಂತ ಮಾಡಿದ ಫೋನ್ ಅದು. ಅಂದರೆ ವಿದ್ಯೆ ಇದೆ, ಬೇಕೆಂದಾಗ ಮಾಡುತ್ತಾರೆ. ಅತಿ ಜಾಸ್ತಿ ದುಡ್ಡು ಕೊಡುವವರಿಗೆ ಮಾತ್ರ ಮಾಡೋದಿಲ್ಲ. ಇನ್ನು ಆ ಐಪಿ68 ಎಲ್ಲಿ ಹೋಗುತ್ತದೋ ಅಂತ ಹೆದರಿ ಎಲ್ಲವನ್ನೂ ಒಪ್ಪುವ ನಮಗೆ, ನೀರು ಹೋಗಿ ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಸಿಗುವುದೂ ಇಲ್ಲ.

ಯುರೋಪಿನವರು ಕಾನೂನು ಮಾಡಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸೈಕಲ್ ಆದಮೇಲೂ ಶೇ 80 ಉಳಿಸಿಕೊಳ್ಳಬೇಕು, ಬಿಡಿಭಾಗಗಳು ವರ್ಷಗಟ್ಟಲೆ ಸಿಗಬೇಕು. ಓದಿ ಖುಷಿಪಟ್ಟೆ. ಮುಂದೆ ಓದಿದರೆ ಒಂದು ಕಿಂಡಿಯೂ ಇದೆ. ಬ್ಯಾಟರಿ 1000 ಸೈಕಲ್‌ಗೆ ಶೇ 80 ಉಳಿಸಿಕೊಂಡು, ಫೋನ್ ನೀರನ್ನೂ ತಡೆದರೆ, ಬಳಸುವವರೇ ಬ್ಯಾಟರಿ ಬದಲಿಸುವ ಹಾಗಿರಬೇಕು ಅನ್ನುವ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಆ ಕಿಂಡಿಯಲ್ಲಿ ಸಲೀಸಾಗಿ ತೂರುವುದು ಇಂಥ ದುಬಾರಿ ಫೋನುಗಳೇ. ನನಗೆ ಅದು ತುಂಬ ಬೇಸರ ತಂದಿತು.

ಒಳ್ಳೆಯ ಪ್ರಯತ್ನ ಇಲ್ಲವೇ ಇಲ್ಲ ಅಂತಲ್ಲ. 2024ರ ಐಫೋನ್ 16ರಲ್ಲಿ ಹೊಸ ಬಗೆಯ ಅಂಟು ಹಾಕಿದ್ದಾರೆ, ಸಣ್ಣ ಕರೆಂಟು ಹರಿಸಿದರೆ ಒಂದೆರಡು ನಿಮಿಷದಲ್ಲಿ ಬ್ಯಾಟರಿ ಬಿಟ್ಟುಕೊಳ್ಳುತ್ತದೆ. ಎಳೆದು, ಬಿಸಿ ಮಾಡಿ, ಕೆರೆದು ತೆಗೆಯುವುದಕ್ಕಿಂತ ಎಷ್ಟೋ ವಾಸಿ. ಆದರೆ ಅದನ್ನು ಮುಟ್ಟುವ ಮೊದಲು ಫೋನ್ ಬಿಚ್ಚಬೇಕಲ್ಲ.

ಎಕ್ಸ್‌ಚೇಂಜ್ ಅಂದ ಕೂಡಲೇ ನನಗೆ ಯಾಕೆ ಅಷ್ಟು ಸಂಕಟ ಆಯಿತು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ದುಡ್ಡಿನ ಮಾತಷ್ಟೇ ಅಲ್ಲ. ಈ ಫೋನ್ ನನಗೆ ಒಗ್ಗಿದೆ. ಕೀಬೋರ್ಡ್ ನನ್ನ ಕನ್ನಡ ಕಲಿತಿದೆ, ನಾನು ಎರಡು ಅಕ್ಷರ ಒತ್ತಿದರೆ ಮೂರನೆಯದನ್ನು ಅದೇ ತರುತ್ತದೆ. ಯಾವ ಬೆಳಕಿನಲ್ಲಿ ಕ್ಯಾಮೆರಾ ಹೇಗೆ ನೋಡುತ್ತದೆ ಅಂತ ನನಗೆ ಗೊತ್ತು. ಚೆನ್ನಾಗಿರುವ ವಸ್ತುವನ್ನು ಬಿಟ್ಟುಕೊಡುವುದು ನನ್ನಿಂದ ಆಗೋದಿಲ್ಲ, ಅದರ ಒಂದೇ ಒಂದು ಭಾಗ ಸವೆದಿದೆ ಅನ್ನುವ ಕಾರಣಕ್ಕಂತೂ ಇಲ್ಲ.

ಹಾಗಾಗಿ ಹಾಕಿಸುತ್ತೇನೆ. ಮೊದಲು ಎಲ್ಲವನ್ನೂ ಬ್ಯಾಕಪ್ ಮಾಡಿ, ಆಮೇಲೆ ಆ ಕಾಗದಕ್ಕೆ ಸಹಿ. ನಿಮ್ಮಲ್ಲಿ ಯಾರಾದರೂ ಇಂಥ ಗಾಜಿನ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದ್ದರೆ ಎರಡು ವಿಷಯ ಹೇಳಿ: ಪರದೆ ಉಳಿಯಿತಾ, ಮತ್ತೆ ಅಂಟಿಸಿದ ಮೇಲೆ ಅಂಚಿನಲ್ಲಿ ಸಂದು ಬಂತಾ?