ರಟ್ಟಿನ ಗಿಟಾರು

ಕೂಲರು ಬಂದಿದ್ದ ರಟ್ಟಿನ ಡಬ್ಬಿಯನ್ನು ಗಿಟಾರಿನ ಆಕಾರಕ್ಕೆ ಕತ್ತರಿಸಿ, ತೊಡೆಯ ಮೇಲಿಟ್ಟುಕೊಂಡು, ಇಲ್ಲದ ತಂತಿ ಮೀಟುತ್ತ ಕೂತಿದ್ದಾಗಲೇ ಸೇಡಂ ಕಾಕಾ ಒಳಗೆ ಬರಬೇಕೆ? ಹೊಸ್ತಿಲಲ್ಲೇ ನಿಂತರು. "ತಮ್ಮಾ, ಆರಾಮ ಇದ್ದಿ ಅಲ್ಲ?" ಕೇಳಿದ್ದು ನನ್ನನ್ನು, ನೋಡಿದ್ದು ನನ್ನ ಹೆಂಡತಿಯ ಮುಖ.

ತಿಳಿಸಿ ಹೇಳಿದೆ. ಕೈಯಿಂದ ಗಿಟಾರು ಮಾಡುವವರೊಬ್ಬರ ಹತ್ತಿರ ಸಣ್ಣದೊಂದು ಮಾಡಿಸಬೇಕೆಂದಿದ್ದೇನೆ. ಎಷ್ಟು ಸಣ್ಣದು ಅಂತ ಕೂತು ನೋಡಲು ಎರಡು ಅಳತೆಯಲ್ಲಿ ರಟ್ಟು ಕತ್ತರಿಸಿದ್ದೇನೆ. ದೊಡ್ಡದರ ಹೊಟ್ಟೆ ಅಡ್ಡಕ್ಕೆ ಸುಮಾರು 40 ಸೆಂಟಿಮೀಟರ್, ಸಣ್ಣದರದು 36. ಕಾಕಾ ಬೆಲೆ ಕೇಳಿದರು. ಹೇಳಬಾರದಿತ್ತು, ಹೇಳಿದೆ.

"ಅಷ್ಟ್ ರೊಕ್ಕ ಕೊಟ್ಟು ಸಣ್ಣದ್ಯಾಕ? ದೊಡ್ಡದ್ ತಗೋ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಂಗಡಿಯಲ್ಲೂ ಇದೇ. ಸಣ್ಣದು ತೋರಿಸಪ್ಪ ಎಂದರೆ "ಮಕ್ಕಳಿಗೇನ್ರಿ?" ಅಂತಾನೆ ಆ ಹುಡುಗ, ಗೋಡೆಯಿಂದ ಇಳಿಸಿ ಕೊಡುವುದು ಮಾತ್ರ ಡ್ರೆಡ್‌ನಾಟ್ ಎಂಬ ದೊಡ್ಡ ಹೊಟ್ಟೆಯ ಗಿಟಾರನ್ನೇ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಅದನ್ನು ಮಾಡಿದಾಗ ಬ್ರಿಟಿಷರ ಯುದ್ಧನೌಕೆಯ ಹೆಸರಿಟ್ಟಿತು. ಹತ್ತು ವರ್ಷದಿಂದ ಅಂಥದೊಂದು ಹಡಗನ್ನು ಬಗಲಲ್ಲಿ ಇಟ್ಟುಕೊಂಡಿದ್ದೇನೆ, ನನ್ನ ರಟ್ಟೆಯನ್ನು ಕೇಳಿ. ಜೋರಾಗಿ ಬಾರಿಸುತ್ತ ಹಾಡುವವರಿಗೆ ಅದು ಸರಿಯೇ. ನಾನು ಬೆರಳ ತುದಿಯಲ್ಲಿ ಒಂದೊಂದೇ ತಂತಿ ಮೀಟುವವನು. ಹೆಬ್ಬೆರಳು ದಪ್ಪ ತಂತಿಗೆ ತಾಕಿದ್ದೇ ತಡ, ಆ ಹೊಟ್ಟೆ ಗುಂಯ್ ಎಂದು, ಸಣ್ಣ ತಂತಿಗಳಲ್ಲಿ ನಾನು ಕಷ್ಟಪಟ್ಟು ಕೂರಿಸಿದ ರಾಗವನ್ನು ನುಂಗಿ ನೀರು ಕುಡಿಯುತ್ತದೆ. ಸಣ್ಣ ಮೈಯ ಹಗುರ ಹಲಗೆಯಾದರೆ ಉಗುರು ಸೋಕಿದರೂ ಓಗೊಡುತ್ತದೆ.

ಮಾಡುವವರು ಫೋನಿನಲ್ಲಿ ಕನ್ಯೆ ನೋಡಲು ಬಂದವರಂತೆ ಪ್ರಶ್ನೆ ಹಾಕಿದರು. ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್ಟಿನ ಅಗಲ 43 ಮಿಲಿಮೀಟರ್ ಇರಲೋ, 44.5 ಇರಲೋ? ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಅಡುಗೆಮನೆಯಿಂದ ಒಂದು ತೊಗರಿಬೇಳೆ ತಂದು ತಂತಿಯ ಪಕ್ಕ ನಿಲ್ಲಿಸಿ ನೋಡಿದೆ. ಹೆಚ್ಚುಕಡಿಮೆ ಅಷ್ಟೇ ದಪ್ಪ. ಅದನ್ನೂ ಆರು ತಂತಿಗಳ ನಡುವಿನ ಐದು ಸಂದಿಗೆ ಹಂಚಬೇಕು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ತೊಗರಿಯನ್ನು ಇದಕ್ಕೆ ಬಳಸಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. 44.5 ಎಂದೆ. ಬೆನ್ನಿಗೆ ಬೀಟೆ ಎಂದೆ. ಎದೆ ಹಲಗೆಗೆ ಸೀಡರ್ ಮರವೋ ಸ್ಪ್ರೂಸ್ ಮರವೋ ಎಂಬಲ್ಲಿ ನಾನು ತಡವರಿಸುತ್ತಿರುವಾಗ ಅವರು ಕೇಳಿದರು: "ಊರು ಯಾವುದು ಸರ್?"

"ಕಲಬುರಗಿ."

ಆ ಕಡೆ ಮೌನ.

ಅಲ್ಲಿಂದ ಮಾತು ಗಿಟಾರು ಬಿಟ್ಟು ಕೂಲರಿಗೆ ಬಂತು. ಪ್ಲೈವುಡ್ಡಿನ ಗಿಟಾರು ಒಣ ಹವೆಯನ್ನು ಅಷ್ಟಿಷ್ಟು ತಡೆಯುತ್ತದಂತೆ; ಇಡೀ ಮರದ ತೆಳು ಹಲಗೆಗೆ ಗಾಳಿಯಲ್ಲಿ ನೂರಕ್ಕೆ 45ರಿಂದ 55ರಷ್ಟು ತೇವ ಬೇಕು, ಒಣಗಿದರೆ ಸೀಳುತ್ತದೆ. ಏಪ್ರಿಲ್‌ನಲ್ಲಿ 42 ಡಿಗ್ರಿ ದಾಟುವ ಊರಲ್ಲಿ ತೇವ ಕೊಡುವುದು ಕೂಲರೊಂದೇ. ನಮ್ಮ ಮನೆಯ ಕೂಲರಿಗೆ ಅದರದೇ ಕಾಯ್ದೆ ಇದೆ. ಹೋಳಿ ಹಬ್ಬಕ್ಕೆ ಮುಂಚೆ ಹುಲ್ಲು ಬದಲಿಸಬೇಕು. ಮೊದಲ ದಿನ ಮನೆಯೆಲ್ಲ ಒದ್ದೆ ಕಟ್ಟಿಗೆಯ ವಾಸನೆ. ಬೋರಿನ ಸವಳು ನೀರು ಹಾಕಿದರೆ ಹುಲ್ಲಿಗೆ ಬಿಳಿ ಹೆಪ್ಪು ಕಟ್ಟುತ್ತದೆ, ನಳದ ನೀರು ಹಾಕಿದರೆ ಹೆಂಡತಿ ಸಿಟ್ಟಾಗುತ್ತಾಳೆ, ಟ್ಯಾಂಕರಿನವನಿಗೆ ಫೋನ್ ಮಾಡಿದರೆ ಅವನು ಎತ್ತುವುದಿಲ್ಲ. ಗಾಳಿ ಮೊದಲು ಅವ್ವನ ಕಡೆ, ಆಮೇಲೆ ಪರೀಕ್ಷೆ ಇರುವ ಮಗಳ ಕಡೆ. ನನ್ನ ಪಾಲಿಗೆ ಮೋಟರಿನ ಗದ್ದಲ. ಇದರ ನಡುವೆ ಒಂದು ವಾದ್ಯಕ್ಕೂ ಸ್ವಲ್ಪ ಗಾಳಿ ತಿರುಗಿಸಿ ಎಂದು ನಾನು ಬಾಯಿ ಬಿಟ್ಟೆ. ಗಿಟಾರು ಇನ್ನೂ ಹುಟ್ಟಿಲ್ಲ, ಅದರ ಬಾಣಂತನಕ್ಕೆ ಜಗಳ ಶುರು. ಅವ್ವ ಅಂದಳು, "ಹಂಗಾದ್ರ ಅದಕ್ಕೂ ಒಂದು ಕೌದಿ ಹಾಸ್ತೀನಿ, ನನ್ನ ಬಾಜೂ ಮಲಗಿಸು." ಆಕೆ ಚೇಷ್ಟೆ ಮಾಡಿದಳೋ ಖರೇ ಅಂದಳೋ ಇವತ್ತಿಗೂ ತಿಳಿದಿಲ್ಲ. ಮಗಳು ಮಾತ್ರ, ಮಳೆಗಾಲದಲ್ಲಿ ತೇವ ಹೆಚ್ಚಾದರೆ ಏನು ಮಾಡ್ತೀ ಎಂದು ಕೇಳಿ ಪುಸ್ತಕದೊಳಗೆ ಮುಖ ಹುದುಗಿಸಿದಳು. ಈ ಬುದ್ಧಿ ಪರೀಕ್ಷೆಯಲ್ಲಿ ತೋರಿಸಬಾರದೆ?

ಇಷ್ಟನ್ನೂ ಕಾಕಾನಿಗೆ ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಕೂಲರು ನಿಟ್ಟುಸಿರು ಬಿಟ್ಟು ನಿಂತಿತು. ಪರಸಿಗಲ್ಲಿನ ನೆಲ ಬಿಟ್ಟರೆ ಮನೆಯಲ್ಲಿ ತಂಪೆಂಬುದು ಉಳಿಯಲಿಲ್ಲ. ಕಾಕಾ ಟೊಪ್ಪಿಗೆ ತೆಗೆದಿಟ್ಟು, ಕೈಚಾಚಿ ದೊಡ್ಡ ರಟ್ಟು ಎತ್ತಿ ನಾಲ್ಕು ಸಲ ಬೀಸಿಕೊಂಡರು. ಕೆಳಗಿಟ್ಟರು. ಸಣ್ಣದನ್ನು ಕತ್ತು ಹಿಡಿದು ಎತ್ತಿ ಬೀಸತೊಡಗಿದರು.

"ಇದು ಛಲೋ ಅದ ನೋಡು," ಅಂದರು ಕಣ್ಣು ಮುಚ್ಚಿ. "ಹಗುರ ಅದ. ದೊಡ್ಡದು ಕೈ ನೋಯಿಸ್ತದ."