ಸತ್ಯಾಂಶ: ನೋಟಿಸ್ ಅವಧಿಯಲ್ಲಿ ವಜಾ ಮಾಡಿದರೆ ಬರಬೇಕಾದ ಹಣವೆಲ್ಲ ಹೋಗುತ್ತದೆಯೇ?

‘ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿರುವಾಗ ಕಂಪನಿ ವಜಾ ಮಾಡಿದರೆ ಸಂಬಳ, ಪಿಎಫ್, ಗ್ರಾಚ್ಯುಟಿ ಯಾವುದೂ ಸಿಗದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಭಾರತದ ಕಾನೂನು ಹೀಗೆ ಹೇಳುವುದಿಲ್ಲ.

ದುಡಿದ ದಿನಗಳ ಸಂಬಳ ನಿಮ್ಮದೇ. ವಜಾ ಆದ ಮೇಲೆ 2 ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನೂ ಮುಟ್ಟುಗೋಲು ಹಾಕಲು ಬರುವುದಿಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ದಾಖಲಿಸದೆ ಸತಾಯಿಸಿದರೆ, ಕೊನೆಯ ವಂತಿಗೆಯಿಂದ 2 ತಿಂಗಳಾದ ಬಳಿಕ ಪಿಎಫ್ ನಿರ್ವಹಿಸುವ ಸಂಸ್ಥೆಯಾದ ಇಪಿಎಫ್‌ಒದ ಪೋರ್ಟಲ್‌ನಲ್ಲಿ ನೀವೇ ದಾಖಲಿಸಬಹುದು.

ಹೆಚ್ಚು ಗೊಂದಲ ಗ್ರಾಚ್ಯುಟಿಯದು, ಅಂದರೆ ಸೇವಾವಧಿಗೆ ತಕ್ಕಂತೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟಿನದು. ಕಾಯಂ ನೌಕರರಿಗೆ 5 ವರ್ಷ ಸೇವೆಯಾಗಿದ್ದರೆ ಅದು ಹಕ್ಕು. 30 ದಿನಗಳೊಳಗೆ ಪಾವತಿಯಾಗಬೇಕು. ತಿಂಗಳಿಗೆ 26 ದಿನವೆಂದು ಎಣಿಸಿ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಎಂಬುದು ಲೆಕ್ಕ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹26,000 ಇದ್ದು 6 ವರ್ಷ ದುಡಿದಿದ್ದರೆ: 26,000 × 15 ÷ 26 × 6, ಅಂದರೆ ₹90,000. ಬೇಕೆಂದೇ ಅಥವಾ ನಿರ್ಲಕ್ಷ್ಯದಿಂದ ಕಂಪನಿಗೆ ನಷ್ಟ ಮಾಡಿದ್ದರೆ ಆ ನಷ್ಟದಷ್ಟು ಮಾತ್ರ ಕಡಿಯಬಹುದು. ಹಿಂಸಾಚಾರ ಅಥವಾ ಕರ್ತವ್ಯದ ವೇಳೆ ನೈತಿಕ ಅಧಃಪತನದ (ಕಳ್ಳತನ, ವಂಚನೆಯಂಥ) ಅಪರಾಧಕ್ಕಾಗಿ ವಜಾ ಆದವರು ಪೂರ್ತಿ ಕಳೆದುಕೊಳ್ಳಬಹುದು.

ಸಂದೇಶದಲ್ಲಿ ನಿಜವಿರುವುದು ಇಷ್ಟೇ: ದುರ್ನಡತೆಗಾಗಿ ವಜಾ ಆದರೆ ಉಳಿದ ನೋಟಿಸ್ ದಿನಗಳ ಸಂಬಳ ಸಾಮಾನ್ಯವಾಗಿ ಸಿಗದು. ಆರೋಪವೇ ಇಲ್ಲದೆ ‘ನಾಳೆಯಿಂದ ಬರಬೇಡಿ’ ಎಂದರೆ ನೇಮಕಾತಿ ಪತ್ರದ ನೋಟಿಸ್ ಷರತ್ತು ನೋಡಿ, ಹಣ ಕೇಳಿ. ಬಾಯಿಮಾತು ಸಾಲದು, ವಜಾ ಆದೇಶವನ್ನು ಕಾರಣದೊಂದಿಗೆ ಲಿಖಿತವಾಗಿ ಪಡೆಯಿರಿ. ಕಚೇರಿಯ ಇಮೇಲ್ ಅಂದೇ ಬಂದ್ ಆಗಬಹುದಾದ್ದರಿಂದ ವೇತನ ಚೀಟಿ, ರಾಜೀನಾಮೆ ಸ್ವೀಕೃತಿಯ ಪ್ರತಿಗಳನ್ನು ಮೊದಲೇ ಇಟ್ಟುಕೊಳ್ಳಿ. ‘ಬಾಕಿ ಏನೂ ಇಲ್ಲ’ ಎಂಬ ಪತ್ರಕ್ಕೆ ಹಣ ಕೈಸೇರುವ ಮುನ್ನ ಸಹಿ ಹಾಕಬೇಡಿ.