ಆಮ್‌ಸ್ಟರ್‌ಡ್ಯಾಮನ್ನು ಬೆಳೆಸಿದ್ದು ಲವಂಗವಲ್ಲ, ಕಾಳು

ಆಮ್‌ಸ್ಟರ್‌ಡ್ಯಾಮಿನ ಏಳಿಗೆಯ ಮಾತು ಬಂದಾಗಲೆಲ್ಲ ಡಚ್ ಈಸ್ಟ್ ಇಂಡಿಯಾ ಕಂಪನಿ, ಜಾಯಿಕಾಯಿ, ಲವಂಗಗಳಿಂದಲೇ ಕಥೆ ಆರಂಭವಾಗುತ್ತದೆ. ಈ ಕ್ರಮವೇ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಂಪನಿ ಹುಟ್ಟಿದ್ದು 1602ರಲ್ಲಿ. ಅದಕ್ಕೆ ಬಹಳ ಮೊದಲೇ ಈ ಊರು ರೈ, ಗೋಧಿ, ಮರಮುಟ್ಟು, ಉಪ್ಪು ಹಾಕಿದ ಹೆರಿಂಗ್ ಮೀನುಗಳ ಸಾಗಣೆಯಿಂದ ದೊಡ್ಡ ಬಂದರಾಗಿತ್ತು.

ಇದರ ಬೇರು ಹಾಲೆಂಡಿನ ನೆಲದಲ್ಲಿದೆ. ಕೊಳೆತ ಸಸ್ಯರಾಶಿಯಿಂದಾದ ಅಲ್ಲಿನ ಜೌಗುಭೂಮಿಯ ನೀರನ್ನು ಬಸಿದು ಹೊಲ ಮಾಡಿದಂತೆಲ್ಲ ನೆಲ ಕುಸಿಯುತ್ತ ಹೋಯಿತು, ಕುಸಿದಲ್ಲಿ ಮತ್ತೆ ನೀರು ನಿಂತಿತು, ರೊಟ್ಟಿಯ ಕಾಳು ಬೆಳೆಯುವುದು ದುಸ್ತರವಾಯಿತು. ಜನರು ಹೈನುಗಾರಿಕೆಗೆ, ಮೀನುಗಾರಿಕೆಗೆ, ಹಡಗಿನ ದುಡಿಮೆಗೆ ತಿರುಗಿದರು. ಉಣ್ಣುವ ಧಾನ್ಯ ಹೊರಗಿನಿಂದ ಬರಬೇಕಾಯಿತು. ಆಮ್‌ಸ್ಟೆಲ್ ನದಿಯ ಒಡ್ಡಿನ ಬಳಿ ನೆಲೆಸಿದ್ದವರಿಗೆ ಹಾಲೆಂಡಿನ ಒಡೆಯ ಕೌಂಟ್ ಐದನೇ ಫ್ಲೋರಿಸ್ 1275ರಲ್ಲಿ ಸುಂಕದ ವಿನಾಯಿತಿ ನೀಡಿದ ಪತ್ರದಲ್ಲಿ ಊರಿನ ಹೆಸರು ಮೊದಲು ಕಾಣಿಸುತ್ತದೆ. ಮುಂದಿನ ಶತಮಾನಗಳಲ್ಲಿ ಇಲ್ಲಿನ ಹಡಗುಗಳು ಪೋಲೆಂಡಿನ ಗ್ದಾನ್ಸ್ಕ್ ಮುಂತಾದ ಬಾಲ್ಟಿಕ್ ಬಂದರುಗಳಿಂದ ಧಾನ್ಯ ತಂದು, ತಮಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ದಕ್ಷಿಣಕ್ಕೆ ಮಾರಿದವು. ಡಚ್ಚರು ಇದನ್ನು ತಾಯಿ ವ್ಯಾಪಾರವೆಂದೇ ಕರೆದರು. 1590ರ ದಶಕದಲ್ಲಿ ಹೋರ್ನ್ ಪಟ್ಟಣದಲ್ಲಿ ರೂಪುಗೊಂಡ ಹೊಸ ಬಗೆಯ ಸರಕು ಹಡಗು ಕಡಿಮೆ ನಾವಿಕರಿಂದ ಹೆಚ್ಚು ಸರಕು ಸಾಗಿಸುತ್ತಿದ್ದುದರಿಂದ ಬಾಡಿಗೆಯ ಪೈಪೋಟಿಯಲ್ಲಿ ಡಚ್ಚರನ್ನು ಸೋಲಿಸುವುದು ಕಷ್ಟವಾಯಿತು.

1585ರಲ್ಲಿ ಇಂದಿನ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರ ಸ್ಪೇನಿನ ಸೇನೆಯ ವಶವಾದಾಗ ಅಲ್ಲಿನ ಅನೇಕ ವರ್ತಕರೂ ಕುಶಲಕರ್ಮಿಗಳೂ ಬಂಡವಾಳ ಮತ್ತು ದೂರದೇಶದ ವ್ಯವಹಾರಸಂಬಂಧಗಳ ಸಮೇತ ಉತ್ತರಕ್ಕೆ ಬಂದರು. 1609ರಲ್ಲಿ ನಗರಸಭೆಯೇ ವಿನಿಮಯ ಬ್ಯಾಂಕನ್ನು ತೆರೆದದ್ದು ನನಗೆ ಕಂಪನಿಗಿಂತಲೂ ದೊಡ್ಡ ಘಟನೆಯಾಗಿ ಕಾಣುತ್ತದೆ. ನೂರಾರು ಬಗೆಯ ಸವಕಲು ನಾಣ್ಯಗಳು ಚಲಾವಣೆಯಲ್ಲಿದ್ದ ಕಾಲದಲ್ಲಿ, ನಾಣ್ಯವನ್ನು ಕೈಯಿಂದ ಕೈಗೆ ದಾಟಿಸದೆ, ಒಬ್ಬನ ಖಾತೆಯಿಂದ ಇನ್ನೊಬ್ಬನ ಖಾತೆಗೆ ಬರೆದೇ ಸಾಲ ತೀರಿಸಬಹುದಾಯಿತು. ಲೆಕ್ಕಪುಸ್ತಕದಲ್ಲಿ ಬರೆದ ಒಂದು ಸಾಲನ್ನು ಅಪರಿಚಿತರೂ ನಂಬುವಂತಾಯಿತು. ಕಂಪನಿಯ ಸುಮಾರು 64 ಲಕ್ಷ ಗಿಲ್ಡರುಗಳ ಮೂಲ ಬಂಡವಾಳದಲ್ಲಿ ಅರ್ಧಕ್ಕೂ ಹೆಚ್ಚು ಈ ಒಂದೇ ನಗರದಿಂದ ಬಂದದ್ದು ಇಲ್ಲಿ ಆಗಲೇ ಕೂಡಿದ್ದ ಹಣದ ಬಲದಿಂದ. ಹೂಡಿಕೆ ಮಾಡಿದವರ ಪಟ್ಟಿಯಲ್ಲಿ ಮನೆಗೆಲಸದ ಹೆಂಗಸರೂ ಇದ್ದರು.

ಮಸಾಲೆಯ ಹೆಸರು ಹೊತ್ತ ಆ ಕಂಪನಿಗೂ ಧಾನ್ಯದ ನಂಟು ತಪ್ಪಲಿಲ್ಲ. ಕೆಳದಿ ನಾಯಕರ ಕಾಲದಲ್ಲಿ ನಮ್ಮ ಬಸರೂರಿನಲ್ಲಿ ನೆಲೆ ಹೂಡಿದ ಡಚ್ಚರಿಗೆ ಕಾಳುಮೆಣಸಿನ ಜೊತೆಗೆ ಕರಾವಳಿಯ ಅಕ್ಕಿಯೂ ಬೇಕಾಗಿತ್ತು.

ಸುಮಾರು 30,000 ಜನರಿದ್ದ ಆಮ್‌ಸ್ಟರ್‌ಡ್ಯಾಮ್ ಒಂದು ಶತಮಾನದೊಳಗೆ 2 ಲಕ್ಷದ ಆಸುಪಾಸಿಗೆ ಬೆಳೆಯಿತು. 1613ರಲ್ಲಿ ಶುರುವಾದ ಕಾಲುವೆಗಳ ವಿಸ್ತರಣೆಯಲ್ಲಿ ಹೆರೆನ್‌ಗ್ರಾಖ್ಟ್‌ನಂಥ ಕಾಲುವೆಗಳ ದಂಡೆ ಸಿರಿವಂತರ ಪಾಲಾದರೆ, ದುಡಿಯುವವರು ಯೋರ್ಡಾನ್ ಬಡಾವಣೆಯ ಇಕ್ಕಟ್ಟಾದ ಓಣಿಗಳನ್ನು ಸೇರಿದರು. ಡ್ಯಾಮ್ ಚೌಕದ ಅಂದಿನ ಪುರಭವನ ನಿಂತಿರುವುದು ಮೆತ್ತನೆಯ ನೆಲಕ್ಕೆ ಇಳಿಸಿದ 13,659 ಮರದ ಕಂಬಗಳ ಮೇಲೆ.

ಧಾನ್ಯದ ಪಾಲನ್ನು ಒತ್ತಿ ಹೇಳುವುದರಿಂದ ನಗರದ ಅಪರಾಧ ಹಗುರವಾಗುವುದಿಲ್ಲ. ನನ್ನ ಮಟ್ಟಿಗೆ ಅದು ಇನ್ನಷ್ಟು ಭಾರವಾಗುತ್ತದೆ. ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ಇಂದಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಜನರಲ್ಲಿ ಬಹುಪಾಲನ್ನು ಇಲ್ಲವಾಗಿಸಿದ. 1683ರಲ್ಲಿ ಗುಲಾಮರ ದುಡಿಮೆಯ, ದಕ್ಷಿಣ ಅಮೆರಿಕದ ಸುರಿನಾಮ್ ವಸಾಹತನ್ನು ನಡೆಸಲು ಹುಟ್ಟಿದ ಸಂಸ್ಥೆಯಲ್ಲಿ ಮೂರನೇ ಒಂದು ಪಾಲು ಆಮ್‌ಸ್ಟರ್‌ಡ್ಯಾಮ್ ನಗರದ್ದೇ ಆಗಿತ್ತು. ಇವೆಲ್ಲ ಹಸಿದ ಊರಿನ ಕೃತ್ಯಗಳಲ್ಲ. ತುಂಬಿದ ಕಣಜ, ನಂಬಿಕೆಯ ಬ್ಯಾಂಕು, ಚೊಕ್ಕ ಲೆಕ್ಕಪುಸ್ತಕಗಳಿದ್ದ ಊರು ಆಯ್ದುಕೊಂಡ ದಾರಿ. ಗುಲಾಮಗಿರಿಯಲ್ಲಿ ತನಗಿದ್ದ ಪಾಲಿಗಾಗಿ ನಗರದ ಪರವಾಗಿ ಮೇಯರ್ ಫೆಮ್ಕೆ ಹಾಲ್ಸೆಮಾ ಅಧಿಕೃತವಾಗಿ ಕ್ಷಮೆ ಕೋರಿದ್ದು 2021ರ ಜುಲೈ 1ರಂದು.